ಜೇಬಿನಿಂದ ಜಾರಿದ ಚಾಕು

ಕಸಿ ಕಟ್ಟುವ ಕೆಲಸ ಹೊರಗಿನಿಂದ ನೋಡುವವರಿಗೆ ಬಲು ನಾಜೂಕಿನದಾಗಿ ಕಾಣುತ್ತದೆ. ಪೆನ್ಸಿಲ್ ದಪ್ಪದ ಮಾವಿನ ಸಸಿ, ಅಷ್ಟೇ ದಪ್ಪದ ಕುಡಿ, ಎರಡನ್ನೂ ಓರೆಯಾಗಿ ಕೆತ್ತಲು ಒಂದು ಪುಟ್ಟ ಚಾಕು, ಸುತ್ತಿ ಬಿಗಿಯಲು ಒಂದು ಪ್ಲಾಸ್ಟಿಕ್ ಪಟ್ಟಿ. ಇಷ್ಟೇ ಸಾಮಾನು. ಆದರೆ ದಿನವಿಡೀ ಆ ಕೆಲಸ ಮಾಡಿದವನ ಸೊಂಟವನ್ನು ಕೇಳಿ ನೋಡಿ! ಸಾಲುಗಟ್ಟಿ ಇಟ್ಟ ಸಸಿಚೀಲಗಳ ಮೇಲೆ ಬಗ್ಗುವುದು, ಏಳುವುದು, ಮುಂದಿನ ಸಾಲಿಗೆ ಹೋಗಿ ಮತ್ತೆ ಬಗ್ಗುವುದು. ಬಗ್ಗಿದಾಗೆಲ್ಲ ಅಂಗಿಯ ಎದೆಜೇಬು ಅರ್ಧ ತಲೆಕೆಳಗಾಗುತ್ತದೆ. ಅದರಲ್ಲಿರುವುದೆಲ್ಲ ಒಂದೊಂದಾಗಿ ಜಾರುತ್ತದೆ. ಬೀಡಿ ಕಟ್ಟು, ಬೆಂಕಿಪೊಟ್ಟಣ, ಚಿಲ್ಲರೆ ಕಾಸು, ಈಗೀಗ ಮೊಬೈಲು. ಅವುಗಳ ಜೊತೆಗೆ ಮಡಚಿಟ್ಟ ಚಾಕು.

ಬೀಡಿ ಬಿದ್ದರೆ ಎತ್ತಿಕೊಳ್ಳಬಹುದು. ಮೊಬೈಲು ಬಿದ್ದರೆ ಅಯ್ಯೋ ಎನ್ನಬಹುದು. ಚಾಕು ಬಿದ್ದಾಗ ಮಾತ್ರ ಒಂದು ಪ್ರಶ್ನೆ ಏಳುತ್ತದೆ. ಜೇಬಿನಲ್ಲಿ ಮುಚ್ಚಿಕೊಂಡಿದ್ದ ಅಲಗು ಪಾದದ ಹತ್ತಿರ ಬಂದು ಬೀಳುವಾಗಲೂ ಮುಚ್ಚಿಕೊಂಡೇ ಇರುತ್ತದೆಯೇ? ಚಾಕು ಕೊಳ್ಳುವಾಗ ಬಾಯಿ ಹರಿತವೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತೇವೆ, ಉಕ್ಕು ಒಳ್ಳೆಯದೇ ಎಂದು ಅಂಗಡಿಯವನನ್ನು ಕೇಳುತ್ತೇವೆ. ಬಿದ್ದರೆ ಬಾಯಿ ತೆರೆಯುತ್ತದೆಯೇ ಎಂದು ಕೇಳಿದವರು ಅಪರೂಪ.

ಕೇಳಬೇಕಾದ ಜನ ನಮ್ಮ ಸುತ್ತ ಕಡಿಮೆಯೇನಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹುಟ್ಟಿದ ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಚಿಂತಾಮಣಿ ಕಡೆ ಮಾವು. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಚಪ್ಪರ, ಗುಲಾಬಿ ತೋಟ. ಶಿಡ್ಲಘಟ್ಟವೆಂದರೆ ರೇಷ್ಮೆ, ರೇಷ್ಮೆ ಎಂದರೆ ಹಿಪ್ಪುನೇರಳೆ ಕಡ್ಡಿ. ಗೌರಿಬಿದನೂರಿನ ಬಯಲಿನಲ್ಲೂ ಹೂವು, ಹಣ್ಣು, ತರಕಾರಿ. ವರ್ಷವಿಡೀ ಹರಿಯುವ ನದಿಗಳಿಲ್ಲದ ಈ ಸೀಮೆಯಲ್ಲಿ ಬೋರ್‌ವೆಲ್ಲಿನ ಒಂದೊಂದು ಹನಿಯನ್ನೂ ಬೆಲೆಬಾಳುವ ಬೆಳೆಗೆ ತಿರುಗಿಸುವುದು ರೈತರಿಗೆ ಅನಿವಾರ್ಯ. ಅಂಥ ಬೆಳೆಗಳೆಲ್ಲ ಕತ್ತರಿಸುವ, ಸವರುವ, ಸೀಳುವ, ಕಟ್ಟುವ ಕೆಲಸ ಬೇಡುತ್ತವೆ. ಹೀಗಾಗಿ ಇಲ್ಲಿ ಜೇಬಿನಲ್ಲೋ ಸೊಂಟದಲ್ಲೋ ಸಣ್ಣದೊಂದು ಅಲಗು ಇಟ್ಟುಕೊಂಡು ಓಡಾಡುವವರು ಬಹಳ.

ಹೆಸರಿನ ಗೊಂದಲವನ್ನೂ ಇಲ್ಲೇ ಹೇಳಿಬಿಡಬೇಕು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಈ ಗಡಿಸೀಮೆಯಲ್ಲಿ ‘ಕತ್ತಿ’ ಎಂದರೆ ತರಕಾರಿ ಹೆಚ್ಚುವ ಚಾಕುವೂ ಆಗಬಹುದು. ಅದೇ ಮಾತನ್ನು ಕರಾವಳಿಯವರ ಮುಂದೆ ಆಡಿದರೆ ಅವರು ಸೌದೆ ಕಡಿಯುವ ದೊಡ್ಡ ಆಯುಧವನ್ನು ತಂದು ಕೊಟ್ಟಾರು! ಹಾಗಾಗಿ ಈ ಲೇಖನದಲ್ಲಿ ಚಾಕು ಎಂದರೆ ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಜೇಬಿನ ಚಾಕು ಎಂದೇ ತಿಳಿಯಿರಿ.

ಬೆನ್ನಿನ ಪಟ್ಟಿಯ ಕೆಲಸ

ಹಳೆಯ ಮಾದರಿಯ ಒಳ್ಳೆಯ ಕಸಿ ಚಾಕುವೊಂದನ್ನು ಕೈಗೆತ್ತಿಕೊಳ್ಳಿ. ಹಿಡಿಯ ಬೆನ್ನಿನ ಉದ್ದಕ್ಕೂ ಉಕ್ಕಿನ ಪಟ್ಟಿಯೊಂದು ಕಾಣುತ್ತದೆ. ಅದು ಬರೀ ಅಂದಕ್ಕಿಟ್ಟ ಪಟ್ಟಿಯಲ್ಲ, ಸ್ಪ್ರಿಂಗ್. ಅದರ ತುದಿ ಅಲಗಿನ ಬುಡವನ್ನು ಹಗಲಿರುಳೂ ಒತ್ತುತ್ತಿರುತ್ತದೆ. ಅಲಗು ತಿರುಗುವುದು ಒಂದು ರಿವೆಟ್ಟಿನ ಮೇಲೆ. ರಿವೆಟ್ಟಿನ ಸುತ್ತಲಿನ ಬುಡ ಗುಂಡಗಿರುವುದಿಲ್ಲ, ಹೆಚ್ಚುಕಡಿಮೆ ಚೌಕವಾಗಿರುತ್ತದೆ. ಚೌಕದ ಒಂದು ಮೈ ಪಟ್ಟಿಗೆ ಒರಗಿದಾಗ ಚಾಕು ಪೂರ್ತಿ ತೆರೆದಿರುತ್ತದೆ. ಮತ್ತೊಂದು ಮೈ ಒರಗಿದಾಗ ಮುಚ್ಚಿರುತ್ತದೆ. ಒಂದು ಮೈಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಚೌಕದ ಮೂಲೆ ಪಟ್ಟಿಯನ್ನು ಎತ್ತಿ ದಾಟಬೇಕು. ಉಗುರನ್ನು ಗೀರಿಗೆ ಸಿಕ್ಕಿಸಿ ಅಲಗನ್ನು ಎಳೆಯುವಾಗ ನಿಮಗೆ ತಾಗುವ ಬಿಗಿ ಆ ಮೂಲೆಯದು.

ಇಟ್ಟಿಗೆಯೊಂದನ್ನು ನೆಲದ ಮೇಲೆ ನಿಲ್ಲಿಸಿ ಒಂದು ಅಂಚಿನ ಮೇಲೆ ಸ್ವಲ್ಪ ಓರೆ ಮಾಡಿ ಬಿಡಿ. ಅದು ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಒಂದು ಮಿತಿಗಿಂತ ಹೆಚ್ಚು ಓರೆ ಮಾಡಿದರೆ ಆಚೆ ಬೀಳುತ್ತದೆ. ಚಾಕುವಿನ ಬುಡವೂ ಹೀಗೆಯೇ. ಸ್ವಲ್ಪ ತೆರೆದು ಬಿಟ್ಟರೆ ‘ಟಕ್’ ಎಂದು ವಾಪಸು ಮುಚ್ಚಿಕೊಳ್ಳುತ್ತದೆ. ಮೂಲೆ ದಾಟಿತೋ, ಮುಂದಿನ ನಿಲುಗಡೆಗೆ ಹೋಗಿ ನಿಲ್ಲುತ್ತದೆ. ಆ ‘ಟಕ್’ ಸದ್ದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರಿಂದ ಕೆಲಸವಿದೆ.

ಈಗ ಬೀಳುವ ವಿಚಾರ. ಬಗ್ಗಿದವನ ಎದೆಜೇಬು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿದೆ ಎನ್ನೋಣ. ಅಲ್ಲಿಂದ ಜಾರಿದ ಚಾಕು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ 16 ಕಿಲೋಮೀಟರ್, ಅಂದರೆ ಆರಾಮವಾಗಿ ಸೈಕಲ್ ತುಳಿಯುವವನ ವೇಗ. ಕೇಳಲು ಹೆಚ್ಚೇನಲ್ಲ. ಆದರೆ ಆ ಸೈಕಲ್ ಬ್ರೇಕಿಲ್ಲದೆ ಗೋಡೆಗೆ ಗುದ್ದಿದರೆ ಹೇಗೆ? ಪೆಟ್ಟಿನ ಜೋರು ವೇಗವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಎಷ್ಟು ಸ್ಥಳದೊಳಗೆ ಆ ವೇಗ ಸೊನ್ನೆಯಾಯಿತು ಎಂಬುದು ಮುಖ್ಯ.

ಇದಕ್ಕೆ ಸುಲಭದ ಲೆಕ್ಕವಿದೆ. ಬಿದ್ದ ಎತ್ತರವನ್ನು, ನಿಲ್ಲಲು ಹಿಡಿದ ದೂರದಿಂದ ಭಾಗಿಸಿ. ಉತ್ತ ಕೆಂಪುಮಣ್ಣಿಗೆ ಬಿದ್ದ ಚಾಕು ಒಂದು ಸೆಂಟಿಮೀಟರ್ ಹೂತು ನಿಂತಿತು ಎಂದುಕೊಂಡರೆ ಒಂದು ಮೀಟರಿಗೆ ಅದು ನೂರನೇ ಒಂದು ಭಾಗ. ಅಂದರೆ ನಿಲ್ಲುವ ಆ ಗಳಿಗೆಯಲ್ಲಿ ಚಾಕುವಿನ ಪ್ರತಿಯೊಂದು ಭಾಗವೂ ತನ್ನ ತೂಕದ ಸುಮಾರು ನೂರು ಪಟ್ಟು ತೂಗಿದಂತೆ ವರ್ತಿಸುತ್ತದೆ. ಅಲಗು 20 ಗ್ರಾಂ ಇದ್ದರೆ ಆ ಕ್ಷಣಕ್ಕೆ ಅದು ಎರಡು ಕಿಲೋ! ಅದೇ ಚಾಕು ಕಲ್ಲುಚಪ್ಪಡಿಗೆ ಬಿದ್ದು ಒಂದೇ ಮಿಲಿಮೀಟರಿನೊಳಗೆ ನಿಂತರೆ ಸಾವಿರ ಪಟ್ಟು. ಆಗ ಅಲಗು 20 ಕಿಲೋ ತೂಗುತ್ತದೆ. ನಾವು ಉಗುರಿನಿಂದ ಅಲಗು ಎಳೆಯುವಾಗ ಹಾಕುವ ಬಲ ಒಂದೆರಡು ಕಿಲೋದಷ್ಟು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಕಲ್ಲಿನ ಮೇಲೆ ಬಿದ್ದಾಗ ಯಾವ ಸ್ಪ್ರಿಂಗೂ ತಡೆಯಲಾರದಷ್ಟು ಎಳೆತ ಅಲಗಿನ ಮೇಲೆ ಬೀಳುತ್ತದೆ.

ಈ ಸೀಮೆಯಲ್ಲಿ ಕಲ್ಲಿಗೇನು ಬರವೇ? ನಂದಿಬೆಟ್ಟದಿಂದ ಹಿಡಿದು ಹೊಲದ ಬದುವಿನವರೆಗೆ ಎಲ್ಲೆಲ್ಲೂ ಬಂಡೆ. ಸಸಿತೋಟದ ಕಟ್ಟೆ, ತೊಟ್ಟಿಯ ಅಂಚು, ದ್ರಾಕ್ಷಿ ಚಪ್ಪರದ ಕಂಬ ಎಲ್ಲವೂ ಕಲ್ಲೇ. ಗೌರಿಬಿದನೂರಿನ ಬಳಿ 1960ರ ದಶಕದಲ್ಲಿ ಭೂಕಂಪ ಮಾಪಕಗಳ ದೊಡ್ಡ ಸಾಲೊಂದನ್ನು ಹೂಡಿದ್ದು ಅನೇಕರಿಗೆ ಗೊತ್ತಿರಬಹುದು. ಭಾಭಾ ಅಣು ಸಂಶೋಧನಾ ಕೇಂದ್ರದ ಆ ಮಾಪಕಗಳು ದೂರದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟದ ನಡುಕವನ್ನೂ ಆಲಿಸಬಲ್ಲವು. ಮೆತ್ತನೆಯ ಮಣ್ಣು ನಡುಕವನ್ನು ನುಂಗಿಬಿಡುತ್ತದೆ, ಗಟ್ಟಿ ಬಂಡೆ ಹಾಗೆ ನುಂಗದೆ ದಾಟಿಸುತ್ತದೆ. ವಿಜ್ಞಾನಿಗಳಿಗೆ ವರವಾದ ಆ ಗುಣವೇ ಜೇಬಿನಿಂದ ಬಿದ್ದ ಚಾಕುವಿಗೆ ಶಾಪ. ಚಾಕುವಿನ ಪೆಟ್ಟನ್ನು ಬಂಡೆ ತಾನು ಇಟ್ಟುಕೊಳ್ಳುವುದಿಲ್ಲ, ಚಾಕುವಿಗೇ ಹಿಂದಿರುಗಿಸುತ್ತದೆ.

ತೆರೆದು ಮುಚ್ಚುವ ಗಳಿಗೆ

ಹಾಗಾದರೆ ಕಲ್ಲಿಗೆ ಬಿದ್ದ ಚಾಕುಗಳೆಲ್ಲ ಬಾಯಿ ತೆರೆಯಬೇಕಿತ್ತಲ್ಲ? ಹಾಗಾಗುವುದಿಲ್ಲ. ಅಲಗಿಗೆ 20 ಕಿಲೋ ಭಾರ ಬಂದದ್ದು ನಿಜ. ಆದರೆ ಅದು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಅಲಗಿಗೊಂದು ತಳ್ಳು ಸಿಗುತ್ತದೆ. ಅದು ಗೂಡಿನಿಂದ ಏಳತೊಡಗುತ್ತದೆ. ಏಳುತ್ತಿದ್ದಂತೆ ಬುಡದ ಮೂಲೆ ಪಟ್ಟಿಗೆ ಸಿಕ್ಕುತ್ತದೆ, ಪಟ್ಟಿ ಬಾಗುತ್ತ ಅದರ ಓಟವನ್ನು ತಿನ್ನುತ್ತದೆ. ಮೂಲೆ ದಾಟುವ ಮೊದಲೇ ಓಟ ಮುಗಿದರೆ ಪಟ್ಟಿ ಅಲಗನ್ನು ವಾಪಸು ಒಳಗೆ ತಳ್ಳುತ್ತದೆ. ನಾವು ಬಗ್ಗಿ ಎತ್ತಿಕೊಳ್ಳುವ ಹೊತ್ತಿಗೆ ಚಾಕು ಮುಚ್ಚಿಯೇ ಇರುತ್ತದೆ. ನಡುವೆ ಅದು ಬಾಯಿ ಬಿಟ್ಟು ಮುಚ್ಚಿದ್ದು ಕಣ್ಣಿಗೆ ಬೀಳುವುದಿಲ್ಲ.

ಬಿದ್ದ ಚಾಕು ಕ್ಷೇಮವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಮುಚ್ಚಿದ್ದಾಗ ಅಲಗು ಎಷ್ಟು ಬಿಗಿಯಾಗಿದೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಒಂದಿಷ್ಟು ತೆರೆದಾಗ ಅದನ್ನು ಹಿಂದಕ್ಕೆ ಎಳೆದು ಮುಚ್ಚುವಂಥದ್ದು ಏನಾದರೂ ಇದೆಯೇ ಎಂದು ನೋಡಬೇಕು.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಇಂಥದೇ ಸಮಸ್ಯೆಯನ್ನು ಬಲು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ್ದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಲಾಯಿತು. ನೀರು ಗೊತ್ತಾದ ಮಟ್ಟ ಮೀರಿದಾಗ ಬಾಗಿಲು ತಾನೇ ಏಳುತ್ತದೆ, ಪ್ರವಾಹ ಹರಿದುಹೋಗುತ್ತದೆ, ಮಟ್ಟ ಇಳಿದಾಗ ತಾನೇ ಕೂರುತ್ತದೆ. ಏನೇ ಬಂದರೂ ತೆರೆಯಲೇಬಾರದೆಂಬ ಹಟ ಆ ಬಾಗಿಲಿಗಿಲ್ಲ. ತೆರೆದ ಮೇಲೆ ಯಾರ ಕೈಯೂ ತಗುಲದೆ ತನ್ನ ಜಾಗಕ್ಕೆ ಮರಳುವುದೇ ಅದರ ಜಾಣತನ. ಬೆನ್ನಪಟ್ಟಿಯ ಚಾಕುವಿನಲ್ಲಿರುವುದೂ ಇದೇ ಗುಣ.

ಎಲ್ಲ ಮಡಚುವ ಅಲಗುಗಳಿಗೂ ಈ ಗುಣವಿಲ್ಲ. ನಮ್ಮ ಹಳ್ಳಿಗಳ ಅತಿ ಹಳೆಯ ಮಡಚುವ ಅಲಗು ಯಾವುದು ಹೇಳಿ? ಕ್ಷೌರದ ಕತ್ತಿ. ಅದರಲ್ಲಿ ಸ್ಪ್ರಿಂಗೇ ಇಲ್ಲ. ರಿವೆಟ್ಟಿನ ಬಿಗಿಯಿಂದಲೇ ಅದು ನಿಂತ ಕಡೆ ನಿಲ್ಲುತ್ತದೆ. ಅಂದರೆ ಬಿದ್ದಾಗ ಎಷ್ಟು ತೆರೆಯಿತೋ ಅಷ್ಟೇ ತೆರೆದು ಬಿದ್ದಿರುತ್ತದೆ, ಎಳೆದು ಮುಚ್ಚುವವರು ಯಾರೂ ಇಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವುದು, ಕೂತು ಬಳಸುವುದು ಕ್ಷೌರಿಕರ ಪದ್ಧತಿ. ಆ ಪದ್ಧತಿಯೇ ಅದರ ಬೀಗ.

ಈಗ ಸಂತೆಯಲ್ಲೂ ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುವ ಚಾಕುಗಳು ಇನ್ನೊಂದು ಬಗೆ. ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ತಳ್ಳಿ ತೆರೆಯಬಹುದಾದವು. ತೆರೆದಾಗ ಹಿಡಿಯೊಳಗಿನ ತೆಳು ತಗಡೊಂದು ಅಡ್ಡ ಬಂದು ಅಲಗು ಮಡಚಿಕೊಳ್ಳದಂತೆ ಹಿಡಿಯುತ್ತದೆ. ಮುಚ್ಚಿದಾಗ? ಅದೇ ತಗಡಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ಉಕ್ಕಿನ ಗುಂಡು ಇರುತ್ತದೆ. ಅದು ಅಲಗಿನ ಬದಿಯಲ್ಲಿ ಕೊರೆದ ಕುಳಿಗೆ ಕೂತಿರುತ್ತದೆ. ಗುಂಡು ಕುಳಿಯಲ್ಲಿರುವ ತನಕ ಚಾಕು ಭದ್ರ. ಒಮ್ಮೆ ಕುಳಿಯಿಂದ ಜಾರಿತೋ, ಮುಂದಿನ ದಾರಿಯೆಲ್ಲ ನುಣುಪು. ಗುಂಡಿಗೂ ಕುಳಿಗೂ ಒಳ್ಳೆಯ ಹೊಂದಾಣಿಕೆ ಇರುವ ಚಾಕುಗಳು ಪೆಟ್ಟನ್ನು ಚೆನ್ನಾಗಿಯೇ ತಡೆಯುತ್ತವೆ. ಅಗ್ಗದವುಗಳಲ್ಲಿ ಕುಳಿ ಆಳವಿರುವುದಿಲ್ಲ, ಇಲ್ಲವೇ ಗುಂಡು ಕುಳಿಯ ಅಂಚಿಗೆ ಮಾತ್ರ ತಾಗಿರುತ್ತದೆ. ಹಾಗಿದ್ದರೆ ಕೈಯಲ್ಲಿ ಹಿಡಿದು ಒಮ್ಮೆ ಝಾಡಿಸಿದರೂ ಅಲಗು ಹೊರಗೆ ಬರುತ್ತದೆ. ಹುಡುಗರಿಗೆ ಅದೇ ಮೋಜು! ಝಾಡಿಸಿದರೆ ತೆರೆಯುವ ಚಾಕು ಬಿದ್ದರೂ ತೆರೆಯುತ್ತದೆ ಎಂಬುದು ಅವರಿಗೆ ಹೊಳೆಯಬೇಕಲ್ಲ.

ಗುಂಡಿ ಒತ್ತಿದರೆ ತಾನೇ ಚಿಮ್ಮುವ ಬಟನ್ ಚಾಕುವಿನ ಮಾತಂತೂ ಬೇಡ. ಹಳೆಯ ಸಿನಿಮಾಗಳ ಖಳನಾಯಕರ ಆ ಚಾಕುವಿನಲ್ಲಿ ಸ್ಪ್ರಿಂಗು ಅಲಗನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ತಡೆದು ನಿಲ್ಲಿಸಿರುವುದು ಒಂದು ಸಣ್ಣ ಕೊಂಡಿ ಮಾತ್ರ. ಪೆಟ್ಟಿಗೆ ಆ ಕೊಂಡಿ ಕದಲಿದರೆ ಕೆಲಸ ಕೆಟ್ಟಂತೆಯೇ.

ಅದು ಪೋಕರಿಗಳ ಚಾಕು, ನಮಗೇಕೆ ಎನ್ನುವಿರಾ? ಸ್ವಲ್ಪ ತಾಳಿ. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಕೈ ಮೇಲೆತ್ತಿ ಬಳ್ಳಿ ಸವರುವವರ ಕೈಯಲ್ಲಿರುವ ಕತ್ತರಿಯನ್ನೇ ನೋಡಿ. ಅದರ ಎರಡು ಹಿಡಿಗಳ ನಡುವಿನ ಸ್ಪ್ರಿಂಗು ಕತ್ತರಿಯ ಬಾಯಿಯನ್ನು ಸದಾ ತೆರೆಯಲು ನೋಡುತ್ತಿರುತ್ತದೆ. ಮುಚ್ಚಿ ಹಿಡಿದಿರುವುದು ಒಂದು ಕೊಕ್ಕೆ. ಬಟನ್ ಚಾಕುವಿನದೂ ಇದರದೂ ಒಂದೇ ಜಾತಿ! ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಈ ಕಡೆ ವರ್ಷಕ್ಕೆ ಎರಡು ಸಲ ಸವರುವುದುಂಟು. ಆಗ ಬೆಳಗಿನಿಂದ ಸಂಜೆಯವರೆಗೆ ಆ ಕೊಕ್ಕೆಯನ್ನು ಅದೆಷ್ಟು ಬಾರಿ ಹಾಕಿ ತೆಗೆಯುತ್ತಾರೋ. ಸವೆದ ಕೊಕ್ಕೆಯ ಕತ್ತರಿ ಸೊಂಟದಿಂದ ಜಾರಿದರೆ ನೆಲಕ್ಕೆ ತಾಗುವ ಮೊದಲೇ ಬಾಯಿ ತೆರೆದಿರಬಹುದು. ತಲೆಯ ಮೇಲಿನ ಚಪ್ಪರದಿಂದ ಜಾರಿದರೆ ಎರಡು ಮೀಟರ್ ಎತ್ತರ, ಗಂಟೆಗೆ 22 ಕಿಲೋಮೀಟರಿಗೂ ಮೀರಿದ ವೇಗ. ಕೆಳಗಿರುವುದು ಹವಾಯಿ ಚಪ್ಪಲಿಯ ಪಾದ. ಒಂದೇ ತೋಟದ ಇಬ್ಬರು ಕೆಲಸಗಾರರ ಪೈಕಿ ಕಸಿಯವನ ಜೇಬಿನ ಸ್ಪ್ರಿಂಗು ಮುಚ್ಚುವ ಪಕ್ಷದ್ದು, ಸವರುವವನ ಸೊಂಟದ ಸ್ಪ್ರಿಂಗು ತೆರೆಯುವ ಪಕ್ಷದ್ದು. ಇಬ್ಬರೂ ತಮ್ಮ ತಮ್ಮ ಸಾಮಾನನ್ನು ಒಂದೇ ಧೈರ್ಯದಿಂದ ಸಿಕ್ಕಿಸಿಕೊಂಡಿರುತ್ತಾರೆ.

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳಲ್ಲಿ ಕುಡುಗೋಲಿನಿಂದ ಕಡ್ಡಿ ಕೊಯ್ಯುವ ಹೆಂಗಸರು ಈ ವಿಷಯದಲ್ಲಿ ಅದೃಷ್ಟವಂತರು ಎಂದು ನನಗನ್ನಿಸುತ್ತದೆ. ಕುಡುಗೋಲಿಗೆ ಮುಚ್ಚುವ ಸೋಗೇ ಇಲ್ಲ. ಅದರ ಬಾಯಿ ಎಲ್ಲಿದೆ ಎಂಬುದು ಯಾವಾಗಲೂ ಕಣ್ಣಿಗೆ ಕಾಣುತ್ತದೆ. ಕಾಣುವುದರಿಂದಲೇ ಅದನ್ನು ಯಾರೂ ಜೇಬಿಗೆ ಇಳಿಸುವುದಿಲ್ಲ.

ಬೀಳುವ ಬಗೆ

ಒಂದೇ ಚಾಕು ಒಂಬತ್ತು ಸಲ ಬಿದ್ದು ಮುಚ್ಚಿಕೊಂಡೇ ಇದ್ದು, ಹತ್ತನೆಯ ಸಲ ತೆರೆದುಕೊಳ್ಳಬಹುದು. ಇದಕ್ಕೆ ಅದೃಷ್ಟವನ್ನು ದೂರಬೇಕಿಲ್ಲ, ಬಿದ್ದ ಭಂಗಿಯನ್ನು ನೋಡಿದರೆ ಸಾಕು. ಬೆನ್ನು ಕೆಳಗಾಗಿ ಬಿದ್ದರೆ ಹಿಡಿ ನಿಂತಾಗ ಅಲಗು ಇನ್ನೂ ಕೆಳಕ್ಕೆ, ಅಂದರೆ ಗೂಡಿನ ಒಳಕ್ಕೇ ಒತ್ತುತ್ತದೆ. ಕಾಲಿಗೆ ಅಪಾಯವಿಲ್ಲ. ಹರಿತವಾದ ಬಾಯಿ ಪಟ್ಟಿಗೆ ತಾಗಿ ಚಕ್ಕೆ ಏಳಬಹುದು, ಅಷ್ಟೇ. ಗೂಡಿನ ಬಾಯಿ ಕೆಳಗಾಗಿ, ಮಟ್ಟಸವಾದ ನೆಲಕ್ಕೆ ಉದ್ದಕ್ಕೂ ತಾಗುವಂತೆ ಬಿದ್ದರೂ ಅಂಥ ಮೋಸವಿಲ್ಲ. ತೆರೆಯಹೊರಟ ಅಲಗಿಗೆ ನೆಲವೇ ಅಡ್ಡ ನಿಲ್ಲುತ್ತದೆ.

ಕೆಟ್ಟ ಭಂಗಿ ಬೇರೆಯಿದೆ. ಗೂಡಿನ ಬಾಯಿ ಕೆಳಮುಖವಾಗಿರಬೇಕು, ರಿವೆಟ್ಟಿಗೆ ದೂರವಾದ ಹಿಡಿಯ ಬಾಲ ಮಾತ್ರ ಒಂದು ಅಂಚಿಗೆ ತಗುಲಬೇಕು. ತೊಟ್ಟಿಯ ಅಂಚು, ಮೆಟ್ಟಿಲಿನ ಅಂಚು, ಸೈಕಲ್ಲಿನ ಪೆಡಲು, ಯಾವುದಾದರೂ ಸರಿ. ಬಾಲ ತಟ್ಟನೆ ನಿಲ್ಲುತ್ತದೆ. ಅಲಗಿನ ತುದಿಗೆ ಅಡ್ಡಿಯಿಲ್ಲ, ಅದು ಬಂದ ವೇಗದಲ್ಲೇ ಕೆಳಗೆ ಹೋಗುತ್ತದೆ. ಕ್ಷಣಾರ್ಧದಲ್ಲಿ ಮೂಲೆ ದಾಟಿ ಬಿಡುತ್ತದೆ. ಹಾಗಾಗಿ, ಒಂದು ಸಲ ಬೀಳಿಸಿ ನೋಡಿದೆ, ತೆರೆಯಲಿಲ್ಲ ಎಂದರೆ ಏನನ್ನೂ ಸಾಬೀತು ಮಾಡಿದಂತಾಗುವುದಿಲ್ಲ.

ಅಲಗಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಅಗಲ, ದಪ್ಪ ಹಾಗೇ ಇದ್ದು ಉದ್ದ ಎರಡು ಪಟ್ಟಾದರೆ ತೂಕ ಎರಡು ಪಟ್ಟು. ಆ ತೂಕ ರಿವೆಟ್ಟಿನಿಂದ ಇರುವ ದೂರವೂ ಎರಡು ಪಟ್ಟು. ಹೀಗೆ ಬಿದ್ದಾಗ ತೆರೆಯುವ ತಿರುಚು ನಾಲ್ಕು ಪಟ್ಟು. ಸ್ಪ್ರಿಂಗು ಮಾತ್ರ ಅಷ್ಟೇ ಇದ್ದರೆ? ದೊಡ್ಡ ಚಾಕು ಕೈಗೆ ಗಟ್ಟಿಯಾಗಿ ಕಂಡರೂ ಬಿದ್ದಾಗ ಅದೇ ಹೆಚ್ಚು ಅಪಾಯದ್ದು. ಕಸಿಗೆ ಎರಡೂವರೆ ಅಂಗುಲದ ಅಲಗು ಧಾರಾಳ ಸಾಕು.

ಫ್ರಾನ್ಸಿನ ಸವೋಯಿ ಸೀಮೆಯ ರೈತರ ಜೇಬಿಗೆಂದು ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಈಗ ಜಗತ್ತಿನ ತುಂಬ ಹೆಸರುವಾಸಿ. ಅದರಲ್ಲೂ ಬೆನ್ನಪಟ್ಟಿ ಇಲ್ಲ. ಮೊದಲು ಬರೀ ಬಿಗಿಯಿಂದಲೇ ನಿಲ್ಲುತ್ತಿತ್ತು. 1955ರಲ್ಲಿ ಅದರ ಕೊರಳಿಗೊಂದು ತಿರುಗುವ ಉಕ್ಕಿನ ಬಳೆ ಬಂತು. ಅಲಗು ತೆರೆದು ಬಳೆ ತಿರುಗಿಸಿದರೆ, ಕೆಲಸದ ನಡುವೆ ಅದು ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಅದೇ ಬಳೆ ಮುಚ್ಚಿದ ಅಲಗನ್ನೂ ಬಂಧಿಸುವಂತೆ ಮಾರ್ಪಾಡಾದದ್ದು 2000ದಲ್ಲಿ. ತೆರೆದದ್ದು ಮುಚ್ಚಬಾರದು ಎಂಬ ಚಿಂತೆಗೂ ಮುಚ್ಚಿದ್ದು ತೆರೆಯಬಾರದು ಎಂಬ ಚಿಂತೆಗೂ ನಡುವೆ 45 ವರ್ಷ! ಚಾಕು ಮಾಡುವವರಿಗೂ ಕೊಳ್ಳುವವರಿಗೂ ಯಾವುದು ಮೊದಲು ನೆನಪಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಈಗ ಆ ಬಳೆಯನ್ನು ತಿರುಗಿಸಿಟ್ಟರೆ ಬೀಳಲಿ, ಉರುಳಲಿ, ಅಲಗು ಏಳುವ ಮಾತಿಲ್ಲ. ತಿರುಗಿಸುವುದನ್ನು ಮರೆಯಬಾರದು, ಅಷ್ಟೇ.

ಸೊನೆ, ತುಕ್ಕು, ಸಾಣೆ

ಹೊಸದಾಗಿದ್ದಾಗ ಒಳ್ಳೆಯದಾಗಿದ್ದ ಚಾಕು ಕೆಡುವುದು ಹೇಗೆ? ಮಾವಿನ ಸೊನೆ ಮೊದಲ ಶತ್ರು. ರಿವೆಟ್ಟಿನ ಸಂದಿಗೆ ಇಳಿದ ಸೊನೆ ಒಣಗಿ ಅಂಟಾಗುತ್ತದೆ, ಅದಕ್ಕೆ ಮಣ್ಣು ಸೇರುತ್ತದೆ. ಆಗ ಅಲಗು ಬಿಗಿಯಾಗಿರುವಂತೆ ತೋರುತ್ತದೆ. ನಾವೂ ಭದ್ರವಾಗಿದೆ ಎಂದುಕೊಳ್ಳುತ್ತೇವೆ. ನಿಜವಾಗಿ ಪಟ್ಟಿಗೆ ಅಲಗನ್ನು ಹಿಂದಕ್ಕೆ ಎಳೆಯುವ ಶಕ್ತಿ ಉಳಿದಿರುವುದಿಲ್ಲ. ಅರ್ಧ ಬೆರಳಿನಷ್ಟು ತೆರೆದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಮೊದಲು ಹೇಳಿದ ‘ಟಕ್’ ಸದ್ದು ಹೋಗಿದ್ದರೆ ಅದೇ ಮುನ್ಸೂಚನೆ. ಬಿಸಿನೀರು ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯನ್ನು ತಿಕ್ಕಿ, ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸದ್ದು ಮರಳುತ್ತದೆ. ಹರಳೆಣ್ಣೆ ಬೇಡ, ಅದೇ ಅಂಟುತ್ತದೆ. ಇನ್ನೊಂದು ಎಚ್ಚರಿಕೆ: ಸ್ಪ್ರಿಂಗಿಲ್ಲದೆ ಬಿಗಿಯಿಂದಲೇ ನಿಲ್ಲುವ ಚಾಕುವಿಗೆ ಧಾರಾಳವಾಗಿ ಎಣ್ಣೆ ಬಿಟ್ಟರೆ ಇದ್ದ ಬಿಗಿಯೂ ಹೋಗುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ತುಕ್ಕು ಹಿಡಿದ ಬೆನ್ನಪಟ್ಟಿ ಒಳಗೊಳಗೇ ಸೀಳಿರಬಹುದು. ರಿವೆಟ್ಟು ಸಡಿಲವಾಗಿದ್ದರೆ ಅಲಗು ಅಕ್ಕಪಕ್ಕಕ್ಕೆ ಅಲ್ಲಾಡುತ್ತದೆ. ಕುಲುಮೆಯವರು ಅದರ ತಲೆಯ ಮೇಲೆ ಹದವಾಗಿ ನಾಲ್ಕು ಪೆಟ್ಟು ಕೊಟ್ಟು ಬಿಗಿ ಮಾಡಿಕೊಡುತ್ತಾರೆ. ಹದ ತಪ್ಪಿದರೆ ಅಲಗು ತಿರುಗುವುದೇ ಇಲ್ಲ, ಅದು ಬೇರೆ ಮಾತು.

ಸಾಣೆಯದೂ ಒಂದು ಕಥೆಯಿದೆ. ಅಲಗಿನ ಬುಡದ ಬಳಿ, ಹರಿತದ ಬಾಯಿ ಶುರುವಾಗುವ ಮೊದಲು, ಸಣ್ಣದೊಂದು ಗೊರಸಿನಂಥ ಉಬ್ಬು ಇರುತ್ತದೆ. ಚಾಕು ಮುಚ್ಚಿದಾಗ ಈ ಉಬ್ಬು ಪಟ್ಟಿಗೆ ತಾಗಿ ಅಲಗು ಎಷ್ಟು ಆಳಕ್ಕೆ ಇಳಿಯಬೇಕೆಂದು ತೀರ್ಮಾನಿಸುತ್ತದೆ. ಬಾಯಿಯನ್ನು ಸಾಣೆ ಹಿಡಿದು ಹಿಡಿದು ಸವೆಸಿದರೂ ಉಬ್ಬು ಹಾಗೇ ಉಳಿದಿರುತ್ತದೆ. ಬರಬರುತ್ತ ಅಲಗಿನ ಆಕಾರ ಬದಲಾಗಿ ಮೊನೆ ಗೂಡಿನ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕತೊಡಗುತ್ತದೆ. ಅಷ್ಟು ಸಾಕು. ಜೇಬಿನ ಬಟ್ಟೆಗೆ ಮೊನೆ ಸಿಕ್ಕುತ್ತದೆ, ಬೀಳುವ ಮೊದಲೇ ಅಲಗು ಎದ್ದಿರುತ್ತದೆ. ಬೆರಳನ್ನು ಗೂಡಿನ ಅಂಚಿನ ಮೇಲೆ ಹಗುರವಾಗಿ ಎಳೆದರೆ ಮೊನೆ ತಾಗುತ್ತದೆಯೇ ಎಂಬುದು ತಿಳಿಯುತ್ತದೆ. ತಾಗಿದರೆ ಉಬ್ಬನ್ನು ಅರದಿಂದ ಎಳ್ಳಷ್ಟು ತೀಡಿಸಬೇಕು. ಹೆಚ್ಚು ತೀಡಿದರೆ ಹರಿತದ ಬಾಯಿ ಪಟ್ಟಿಯ ಮೇಲೇ ಬಡಿದು ಮೊಂಡಾಗುತ್ತದೆ.

ಪರೀಕ್ಷೆ ಮಾಡಿಯೇ ನೋಡುತ್ತೇನೆ ಎನ್ನುವವರಿಗೆ ಒಂದು ದಾರಿ. ಮೊದಲು ಅಲಗನ್ನು ಬೆರಳಗಲ ತೆರೆದು ಬಿಡಿ. ತಾನೇ ಮುಚ್ಚಬೇಕು. ಮುಚ್ಚದಿದ್ದರೆ ಮುಂದಿನ ಪರೀಕ್ಷೆಯೇ ಬೇಡ, ಆ ಚಾಕು ಜೇಬಿಗೆ ಲಾಯಕ್ಕಲ್ಲ. ಮುಚ್ಚಿತು ಅಂದರೆ, ಚಾಕುವನ್ನು ಮೇಜಿನ ಅಂಚಿನಲ್ಲಿಟ್ಟು ಉದ್ದನೆಯ ಕೋಲಿನಿಂದ ಗೋಣಿಚೀಲ ಹಾಸಿದ ನೆಲಕ್ಕೆ ತಳ್ಳಿ. ಬೆನ್ನು ಕೆಳಗಾಗಿ, ಬಾಯಿ ಕೆಳಗಾಗಿ, ಬಾಲ ಮುಂದಾಗಿ, ಹೀಗೆ ಹಲವು ಸಲ. ಕಾಲಿಗೆ ಬೂಟಿರಲಿ, ಮಕ್ಕಳು ಹತ್ತಿರ ಬೇಡ. ಗೋಣಿಯ ಮೇಲೆಯೇ ಒಮ್ಮೆ ತೆರೆದರೆ ಕಲ್ಲಿನ ಮೇಲೆ ಏನಾದೀತು ಎಂದು ಕೇಳಬೇಕಾಗಿಲ್ಲ.

ಇನ್ನು, ಬೀಳುತ್ತಿರುವ ಚಾಕುವಿಗೆ ಕೈ ಚಾಚುವ ಚಟ. ಬೀಳುವುದಕ್ಕೆ ಅರ್ಧ ಸೆಕೆಂಡೂ ಇಲ್ಲ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನಮಗೆ ಗೊತ್ತಾಗುವುದಕ್ಕೇ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಚಾಚಿದ ಕೈಗೆ ಹಿಡಿ ಸಿಗುತ್ತದೋ ಅಲಗು ಸಿಗುತ್ತದೋ ಹೇಳುವವರಾರು? ಕಾಲು ಹಿಂದೆಗೆದು ಬೀಳಲು ಬಿಡುವುದೇ ಸರಿ. ಮಣ್ಣಿಗೆ ಬಿದ್ದ ಅಲಗಿನಿಂದ ಗಾಯವಾದರೆ, ಅದು ಎಷ್ಟೇ ಸಣ್ಣದಿರಲಿ, ಸೋಪು ನೀರಿನಲ್ಲಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಬೇಕು. ಅರಿಶಿನ ಒತ್ತಿ ಕೆಲಸ ಮುಂದುವರಿಸುವುದು ನಮ್ಮಲ್ಲಿ ರೂಢಿ. ದಿನಗೂಲಿಯವನಿಗೆ ಅರ್ಧ ದಿನದ ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗು ಎನ್ನುವುದು ಸುಲಭವಲ್ಲ, ಒಪ್ಪುತ್ತೇನೆ. ಬೆರಳಿನ ನರ ತುಂಡಾದ ಕಸಿಯವನಿಗೆ ಮುಂದಿನ ಹಂಗಾಮಿನ ಕೂಲಿಯೂ ಇಲ್ಲ.

ಎದೆಜೇಬನ್ನು ಬಿಟ್ಟರೆ ಅರ್ಧ ಗಂಡಾಂತರ ಕಳೆದಂತೆ. ಚೆಡ್ಡಿಯ ಆಳವಾದ ಜೇಬು, ಸೊಂಟದ ಚರ್ಮದ ಚೀಲ, ಅಥವಾ ಹಿಡಿಯ ಬಾಲದ ತೂತಿಗೆ ಕಟ್ಟಿ ಸೊಂಟದ ದಾರಕ್ಕೆ ಬಿಗಿದ ಗೇಣುದ್ದದ ಹುರಿ. ಹುರಿ ಮೊಣಕಾಲಿಗಿಂತ ಕೆಳಗೆ ಇಳಿಯದಷ್ಟು ಗಿಡ್ಡವಿರಲಿ. ಬಿದ್ದರೂ ಚಾಕು ನೆಲ ಮುಟ್ಟಬಾರದು, ಪಾದವನ್ನೂ ಮುಟ್ಟಬಾರದು.

ಒಪಿನೆಲ್ ಬಳೆಯ ಕೆಲಸವನ್ನು ಕಾಸಿಲ್ಲದೆ ಮಾಡುವ ವಸ್ತುವೊಂದು ಪ್ರತಿ ಊರಿನ ಪಂಕ್ಚರ್ ಅಂಗಡಿಯ ಮುಂದೆ ಬಿದ್ದಿರುತ್ತದೆ. ಹಳೆಯ ಸೈಕಲ್ ಟ್ಯೂಬು. ಅದರಿಂದ ಅರ್ಧ ಅಂಗುಲ ಅಗಲದ ಬಳೆಯೊಂದನ್ನು ಕತ್ತರಿಸಿ ಮುಚ್ಚಿದ ಚಾಕುವಿನ ನಡುವಿಗೆ ತೊಡಿಸಿ. ಹಿಡಿ ತೆಳುವಾಗಿದ್ದರೆ ಎರಡು ಸುತ್ತು ಬರುವಂತೆ ಮಡಿಸಿ ಹಾಕಿ. ಕೆಲಸಕ್ಕೆ ತೆಗೆಯುವಾಗ ಬಳೆಯನ್ನು ಹಿಡಿಯ ಬಾಲದ ಕಡೆಗೆ ಸರಿಸಿಕೊಂಡರೆ ಕಳೆದುಹೋಗುವುದೂ ಇಲ್ಲ, ಒದ್ದೆ ಕೈಯಲ್ಲಿ ಹಿಡಿತವೂ ಸಿಗುತ್ತದೆ. ಸವರುವ ಕತ್ತರಿಯ ಹಿಡಿಗಳಿಗೂ ಇದೇ ಉಪಾಯ ನಡೆಯುತ್ತದೆ, ಅಗಲ ಮಾತ್ರ ಒಂದು ಅಂಗುಲ ಇರಲಿ. ಬಿಸಿಲಿಗೂ ಎಣ್ಣೆಗೂ ರಬ್ಬರು ಬೇಗ ಬಿರುಕು ಬಿಡುತ್ತದೆ. ಎಳೆದಾಗ ಬಿರುಕು ಕಂಡರೆ ಅಂದೇ ಹೊಸದು ಹಾಕಿ, ಒಂದು ಟ್ಯೂಬಿನಿಂದ ಇಡೀ ತೋಟದವರಿಗೆ ಸಾಕಾಗುವಷ್ಟು ಬಳೆಗಳು ಬರುತ್ತವೆ.